ಕಿಲ್ಲಾರಿ ಭೂಕಂಪ ಮತ್ತು ಬಿರುಕುಗಳ ಛಾಯಾದಾಖಲೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯನ್ನು ನೆಲಸಮ ಮಾಡಿದ, ಸುಮಾರು 6.2 ಪ್ರಮಾಣದ ಭೂಕಂಪವು ಬೀದರ್, ಭಾಲ್ಕಿ, ಔರಾದ್ ಸೀಮೆಯನ್ನೂ ನಡುಗಿಸಿತು. ಅದರಲ್ಲಿ ಮಡಿದ ಸುಮಾರು 10,000 ಜನರಲ್ಲಿ ಬಹುಪಾಲು ಮಂದಿ, ಕೆಸರಿನಲ್ಲಿ ಕಲ್ಲು ಜೋಡಿಸಿ ಮೇಲೆ ಭಾರವಾದ ಮಣ್ಣಿನ ಮಾಳಿಗೆ ಹೊರಿಸಿದ ಮನೆಗಳಲ್ಲಿ ಮಲಗಿದ್ದವರಾಗಿದ್ದರು. ದಪ್ಪ ಗೋಡೆಯ ಒಳಮೈಯನ್ನೂ ಹೊರಮೈಯನ್ನೂ ಬೆಸೆಯುವ ಉದ್ದಗಲ್ಲುಗಳಿಲ್ಲದೆ ಅವೆರಡೂ ಬೇರ್ಪಟ್ಟು ಕುಸಿದವು. ಇಂಥ ಕಾರಣ ಕಣ್ಣಿಗೆ ಕಾಣುವುದು ಅವಶೇಷಗಳನ್ನು ತೆರವುಗೊಳಿಸುವ ಮೊದಲು ತೆಗೆದ ಚಿತ್ರಗಳಲ್ಲಿ ಮಾತ್ರ.

ಆದರೆ ಸ್ಮಾರಕಗಳ ಹಾನಿಯನ್ನೆಲ್ಲ ಭೂಕಂಪದ ತಲೆಗೆ ಕಟ್ಟುವುದು ಸಲ್ಲದು. 1472ರಲ್ಲಿ ಕಟ್ಟಲಾದ ಬೀದರಿನ ಮಹಮೂದ್ ಗವಾನ್ ಮದರಸಾ ತನ್ನ ಒಂದು ಮಿನಾರನ್ನೂ ಮುಂಭಾಗದ ದೊಡ್ಡ ಪಾಲನ್ನೂ ಕಳೆದುಕೊಂಡದ್ದು 17ನೆಯ ಶತಮಾನದ ಕೊನೆಯಲ್ಲಿ, ಸಿಡಿಮದ್ದಿನ ಸ್ಫೋಟದಿಂದ. ಗುಲಾಮ್ ಯಜ್ದಾನಿಯವರು ಬೀದರಿನ ಸ್ಮಾರಕಗಳ ಕುರಿತು 1947ರಲ್ಲಿ ಪ್ರಕಟಿಸಿದ ಸಚಿತ್ರ ಗ್ರಂಥವು ಹಳೆಯ ಗಾಯವನ್ನು ಹೊಸದರಿಂದ ಬೇರ್ಪಡಿಸಲು ಇಂದಿಗೂ ನೆರವಾಗುತ್ತದೆ.

ಕಂಪನದ ನಂತರ ಶಿಥಿಲ ಕಟ್ಟಡದ ಸುತ್ತ ಹಾಕುವ ತಡೆಬೇಲಿಯನ್ನು, ಮರುಕಂಪನ, ಅಂದರೆ ಮುಖ್ಯ ಕಂಪನದ ಬಳಿಕ ಮರುಕಳಿಸುವ ಅದುರು, ಇನ್ನಷ್ಟು ಕಲ್ಲುಗಳನ್ನು ಉರುಳಿಸಬಹುದಾದ ಕಾರಣ ಯಾವ ಚಿತ್ರಕ್ಕಾಗಿಯೂ ದಾಟಬಾರದು. ಬೇಲಿಯ ಹೊರಗೆ ಒಂದೇ ಸ್ಥಳದಲ್ಲಿ ನಿಂತು ಮತ್ತೆ ಮತ್ತೆ ತೆಗೆದ ಚಿತ್ರಗಳು ಬಿರುಕು ಹಿಗ್ಗಿದೆಯೇ ಎಂಬುದನ್ನು ತೋರಿಸುತ್ತವೆ. ಅಳತೆಗೋಲು ಹಿಡಿದ ಸಮೀಪಚಿತ್ರಗಳು ಅಭಿಯಂತರರ ಪಾಲಿನ ಕೆಲಸ. ಮನೆಯಲ್ಲಿ ಹಳೆಯ ಕಟ್ಟಡಗಳ ಛಾಯಾಚಿತ್ರಗಳಿರುವವರು, ಅವುಗಳ ಹಿಂಬದಿಯಲ್ಲಿ ಸ್ಥಳವನ್ನೂ ತೆಗೆದ ವರ್ಷವನ್ನೂ ಬರೆದಿಡಬೇಕೆಂದು ಕೋರಲಾಗಿದೆ.