ಬೆಳಕಿನ ಚಿಕಿತ್ಸೆ: ನಂಬಿಕೆಯಿಂದ ಅಳತೆಯವರೆಗೆ

ಸೂರ್ಯನಲ್ಲಿ ಆರೋಗ್ಯ ಬೇಡುವುದು ನಮ್ಮಲ್ಲಿ ತೀರ ಹಳೆಯ ರೂಢಿ. ಅಥರ್ವವೇದದ ಮೊದಲ ಕಾಂಡದಲ್ಲಿ ಕಾಮಾಲೆ ಕಳೆಯುವ ಸೂಕ್ತವೊಂದಿದೆ. ರೋಗಿಯ ಮೈಯ ಹಳದಿ ಗಿಳಿಗಳ ಪಾಲಾಗಲಿ, ಕೆಂದು ಹಸುಗಳ ಬಣ್ಣ ಅವನನ್ನು ಸುತ್ತುವರಿಯಲಿ ಎಂಬುದು ಅದರ ಆಶಯ. ಅದರ ಬೆನ್ನಿಗೇ ಬರುವ ಸೂಕ್ತಗಳು ಚರ್ಮದ ಬಿಳಿ ಕಲೆಗಳನ್ನು ಹೋಗಲಾಡಿಸಲು ಕಪ್ಪು ಮೂಲಿಕೆಯನ್ನು ಕರೆಯುತ್ತವೆ. ಏಳನೆಯ ಶತಮಾನದ ಕವಿ ಮಯೂರ ‘ಸೂರ್ಯಶತಕ’ ರಚಿಸಿ ಕುಷ್ಠದಿಂದ ಪಾರಾದನೆಂಬ ಐತಿಹ್ಯವಿದೆ. ರಥಸಪ್ತಮಿಯ ದಿನ ಎಕ್ಕದೆಲೆ ಇಟ್ಟುಕೊಂಡು ಸ್ನಾನ ಮಾಡುವ ಪದ್ಧತಿಯೂ ಇದೇ ಶ್ರದ್ಧೆಯ ಕುಡಿ. ಯುರೋಪಿನಲ್ಲೂ ಇಂಥದೇ ಕಥೆಗಳಿವೆ. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ವೈದ್ಯ ಜಾನ್ ಆಫ್ ಗ್ಯಾಡೆಸ್‌ಡೆನ್, ಸಿಡುಬು ತಗುಲಿದ ರಾಜಕುಮಾರನ ಹಾಸಿಗೆಯ ಸುತ್ತ ಕೆಂಪು ಬಟ್ಟೆ ಕಟ್ಟಿಸಿ ಗುಣಪಡಿಸಿದೆನೆಂದು ಬರೆದಿಟ್ಟಿದ್ದಾನೆ.

ಈ ಪ್ರಾಚೀನ ನಂಬಿಕೆಯಿಂದ ಎರಡು ದಾರಿಗಳು ಹೊರಟವು. ಯಾವ ಬೆಳಕು, ಯಾವ ರೋಗಕ್ಕೆ, ಎಷ್ಟು ಹೊತ್ತು ಎಂದು ಅಳೆಯುತ್ತ ಹೋದ ದಾರಿ ಇಂದು ಆಸ್ಪತ್ರೆಯ ವಾರ್ಡುಗಳನ್ನು ತಲುಪಿದೆ. ಪ್ರತಿ ಬಣ್ಣಕ್ಕೂ ಒಂದು ಗುಣವನ್ನು ಹಂಚಿಕೊಟ್ಟು, ಅದನ್ನು ಪರೀಕ್ಷೆಗೆ ಒಡ್ಡದೆ ಬಿಟ್ಟ ದಾರಿ ಹೊರಟಲ್ಲೇ ಉಳಿದಿದೆ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಜನಸಾಮಾನ್ಯರಿಗೆ ಗೊಂದಲವಾಗುತ್ತಿದೆ. ಹಾಗಾಗಿ ಈ ಇತಿಹಾಸವನ್ನು ಹಂತ ಹಂತವಾಗಿ ನೋಡುವುದು ಅಗತ್ಯ.

1877ರ ಕವಲು

ನ್ಯೂಟನ್ 1666ರ ಹೊತ್ತಿಗೆ ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿದ್ದ. 1800ರಲ್ಲಿ ವಿಲಿಯಂ ಹರ್ಷೆಲ್ ಕೆಂಪಿನ ಆಚೆಗಿನ ಅವಕೆಂಪು ಕಿರಣವನ್ನು, ಮರುವರ್ಷ ಯೋಹಾನ್ ರಿಟ್ಟರ್ ನೇರಳೆಯ ಆಚೆಗಿನ ಅತಿನೇರಳೆ ಕಿರಣವನ್ನು ಕಂಡುಹಿಡಿದರು. ಕಣ್ಣಿಗೆ ಕಾಣುವ ಬಣ್ಣಗಳಷ್ಟೇ ಬೆಳಕಲ್ಲ ಎಂಬುದು ಹೀಗೆ ಖಚಿತವಾಯಿತು. ಆದರೆ ಈ ಜ್ಞಾನ ವೈದ್ಯರ ಕೈಸೇರಲು ಮುಕ್ಕಾಲು ಶತಮಾನ ಹಿಡಿಯಿತು.

1877ರಲ್ಲಿ ಇಂಗ್ಲೆಂಡಿನ ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್, ಬಿಸಿಲು ಬಿದ್ದ ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಮುಚ್ಚಿಟ್ಟ ಕೊಳವೆಗಳಲ್ಲಿ ಬೆಳೆಯುತ್ತವೆ ಎಂದು ರಾಯಲ್ ಸೊಸೈಟಿಗೆ ವರದಿ ಮಾಡಿದರು. ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಬೇರೊಂದು ಅಲೆ ಎದ್ದಿತ್ತು. ಫಿಲಡೆಲ್ಫಿಯಾದ ಅಗಸ್ಟಸ್ ಪ್ಲೆಸಂಟನ್ ಎಂಬ ಸೇನಾನಿ, ನೀಲಿ ಗಾಜು ಬೆರೆಸಿ ಕಟ್ಟಿದ ಹಸಿರುಮನೆಯಲ್ಲಿ ದ್ರಾಕ್ಷಿ ಹುಲುಸಾಗಿ ಬೆಳೆಯಿತೆಂದೂ, ನೀಲಿ ಬೆಳಕು ಮನುಷ್ಯರ ಕಾಯಿಲೆಗಳನ್ನು ನೀಗುವುದೆಂದೂ ಸಾರಿದ. 1876ರಲ್ಲಿ ಹೊರಬಂದ ಅವನ ಪುಸ್ತಕ ನೀಲಿ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಅಚ್ಚಾಗಿತ್ತು. ಜನ ಕಿಟಕಿಗಳಿಗೆ ನೀಲಿ ಗಾಜು ಹಾಕಿಸಿಕೊಂಡರು. ನೀಲಿ ಗಾಜು ಹೊಸ ಕಿರಣವನ್ನೇನೂ ಸೇರಿಸುವುದಿಲ್ಲ, ಬರುವ ಬೆಳಕಿನಲ್ಲಿ ಒಂದು ಪಾಲನ್ನು ತಡೆಯುತ್ತದೆ ಅಷ್ಟೇ ಎಂದು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ತೋರಿಸಿಕೊಟ್ಟ ಮೇಲೆ ಆ ಹುಚ್ಚು ಇಳಿಯಿತು. ಆದರೆ 1878ರಲ್ಲಿ ಎಡ್ವಿನ್ ಬ್ಯಾಬಿಟ್ ಬರೆದ ‘ದಿ ಪ್ರಿನ್ಸಿಪಲ್ಸ್ ಆಫ್ ಲೈಟ್ ಅಂಡ್ ಕಲರ್’ ಗ್ರಂಥದ ಪ್ರಭಾವ ಇಂದಿಗೂ ಇದೆ. ಕೆಂಪು ಪ್ರಚೋದಕ, ನೀಲಿ ಶಾಮಕ ಎಂಬ ವಿಂಗಡಣೆ, ಬಣ್ಣದ ಗಾಜಿನಲ್ಲಿ ನೀರನ್ನು ಬಿಸಿಲಿಗಿಟ್ಟು ಕುಡಿಸುವ ಕ್ರಮ, ಇವೆರಡೂ ಅದರಲ್ಲಿವೆ.

ಫಿನ್ಸೆನ್ ಹಾಕಿದ ಅಡಿಪಾಯ

ಬೆಳಕನ್ನು ಮದ್ದಿನಂತೆ ಅಳೆದು ಕೊಟ್ಟ ಮೊದಲಿಗ ನೀಲ್ಸ್ ರೈಬರ್ಗ್ ಫಿನ್ಸೆನ್. 1860ರಲ್ಲಿ ಫಾರೋ ದ್ವೀಪಗಳಲ್ಲಿ ಹುಟ್ಟಿದ ಈತ ಕೋಪನ್‌ಹೇಗನ್‌ನಲ್ಲಿ ವೈದ್ಯನಾದ. ಸ್ವತಃ ದೀರ್ಘಕಾಲದ ಕಾಯಿಲೆಯಿಂದ ನರಳುತ್ತಿದ್ದವನಿಗೆ ಬಿಸಿಲಿನಲ್ಲಿ ಹಿತವೆನಿಸುತ್ತಿತ್ತು, ಅದರ ಕಾರಣ ಹುಡುಕಲು ಹೊರಟ. 1893ರಲ್ಲಿ ಸಿಡುಬಿನ ರೋಗಿಗಳನ್ನು ಕೆಂಪು ಬೆಳಕಿನ ಕೋಣೆಯಲ್ಲಿಡಬೇಕೆಂದು ಸೂಚಿಸಿದ. ಕೆಂಪಿಗೇ ಗುಣವಿದೆ ಎಂದು ಅವನು ಹೇಳಲಿಲ್ಲ. ಹುಣ್ಣನ್ನು ಕೆರಳಿಸುವ ನೀಲಿ, ನೇರಳೆ ಕಿರಣಗಳನ್ನು ದೂರವಿಡುವುದು ಅವನ ಉದ್ದೇಶವಾಗಿತ್ತು. ಆ ಚಿಕಿತ್ಸೆ ಮುಂದೆ ನಿಲ್ಲಲಿಲ್ಲ.

ನಿಂತದ್ದು ಎರಡನೆಯ ಪ್ರಯತ್ನ. ಲೂಪಸ್ ವಲ್ಗಾರಿಸ್ ಎಂಬ ಚರ್ಮದ ಕ್ಷಯ ಮುಖವನ್ನೇ ತಿಂದುಹಾಕುತ್ತಿತ್ತು. ಆ ರೋಗಿಗಳು ಸಮಾಜದಿಂದ ದೂರವಾಗಿ ಬದುಕಬೇಕಿತ್ತು. 1895ರಲ್ಲಿ ಫಿನ್ಸೆನ್ ಇಂಗಾಲದ ಆರ್ಕ್ ದೀಪದ ಬೆಳಕನ್ನು ಸ್ಫಟಿಕದ ಮಸೂರಗಳಲ್ಲಿ ಹಾಯಿಸಿ, ಶಾಖ ತಗುಲದಂತೆ ನೀರಿನಿಂದ ತಣಿಸಿ, ಒಬ್ಬ ಎಂಜಿನಿಯರನ ಮುಖದ ಮೇಲೆ ದಿನವೂ ಬಿಟ್ಟ. ಮಾಮೂಲಿ ಗಾಜು ಅತಿನೇರಳೆ ಕಿರಣಗಳನ್ನು ಹೀರುವುದರಿಂದ ಸ್ಫಟಿಕ ಬೇಕಾಯಿತು. ರಕ್ತ ಬೆಳಕನ್ನು ತಡೆಯುವುದರಿಂದ ದಾದಿಯರು ಮಸೂರವನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತಿದ್ದರು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ನೂರಾರು ಜನರ ಮುಖಗಳು ಮಾಗಿದವು. 1896ರಲ್ಲಿ ಕೋಪನ್‌ಹೇಗನ್‌ನಲ್ಲಿ ಬೆಳಕಿನ ಚಿಕಿತ್ಸೆಗೆಂದೇ ಸಂಸ್ಥೆ ಆರಂಭವಾಯಿತು. 1903ರಲ್ಲಿ ಫಿನ್ಸೆನ್‌ಗೆ ವೈದ್ಯಕೀಯ ನೊಬೆಲ್ ಬಂತು. ಮರುವರ್ಷ, ನಲವತ್ತಮೂರರ ವಯಸ್ಸಿನಲ್ಲಿ ಆತ ತೀರಿಕೊಂಡ.

ಬಿಸಿಲು, ಮೂಳೆ ಮತ್ತು ಡಿ ಜೀವಸತ್ವ

ಅದೇ 1903ರಲ್ಲಿ ಸ್ವಿಟ್ಜರ್ಲೆಂಡಿನ ಲೇಸಾನ್‌ನಲ್ಲಿ ಆಗುಸ್ಟ್ ರೋಲಿಯೆ ಬಿಸಿಲ ಚಿಕಿತ್ಸಾಲಯ ತೆರೆದ. ಆಲ್ಪ್ಸ್ ಬೆಟ್ಟದ ಮೇಲೆ ಮೂಳೆ ಮತ್ತು ಕೀಲುಗಳ ಕ್ಷಯವಿದ್ದ ಮಕ್ಕಳನ್ನು ಬಿಸಿಲಿಗೆ ಮಲಗಿಸುತ್ತಿದ್ದರು. ಮೊದಲ ದಿನ ಪಾದಗಳಿಗೆ ಕೆಲವೇ ನಿಮಿಷ, ಆಮೇಲೆ ದಿನದಿಂದ ದಿನಕ್ಕೆ ಮೇಲೇರುತ್ತ ಇಡೀ ಮೈಗೆ ಬಿಸಿಲು. ಬಿಸಿಲಿಗೂ ಪ್ರಮಾಣ ನಿಗದಿಪಡಿಸಿದ ಎಚ್ಚರ ಇಲ್ಲಿದೆ.

ಬಿಸಿಲು ಮೈಯೊಳಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ರಿಕೆಟ್ಸ್‌ನಿಂದ. ಮೊದಲ ಮಹಾಯುದ್ಧದ ನಂತರ ಬರ್ಲಿನ್‌ನ ಮಕ್ಕಳಲ್ಲಿ ಮೂಳೆ ಬಾಗುವ ಈ ರೋಗ ಹೆಚ್ಚಾಗಿತ್ತು. 1919ರಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಪಾದರಸದ ದೀಪದ ಅತಿನೇರಳೆ ಬೆಳಕಿನಿಂದ ಮಕ್ಕಳ ಮೂಳೆ ಗಟ್ಟಿಯಾಗುವುದನ್ನು ಎಕ್ಸ್‌ರೇ ಚಿತ್ರಗಳಲ್ಲಿ ತೋರಿಸಿದ. ಒಂದು ತೋಳಿಗೆ ಮಾತ್ರ ಬೆಳಕು ಬಿಟ್ಟರೂ ಇನ್ನೊಂದು ತೋಳಿನ ಮೂಳೆಯೂ ಸುಧಾರಿಸಿತು. ಅಂದರೆ ಚರ್ಮದಲ್ಲಿ ಹುಟ್ಟಿದ ಏನೋ ಒಂದು ವಸ್ತು ರಕ್ತದಲ್ಲಿ ಸಾಗಿ ಮೂಳೆ ತಲುಪುತ್ತಿತ್ತು. ಅದೇ ಡಿ ಜೀವಸತ್ವ. 1924ರಲ್ಲಿ ಅಮೆರಿಕದ ಹ್ಯಾರಿ ಸ್ಟೀನ್‌ಬಾಕ್ ಆಹಾರಕ್ಕೇ ಅತಿನೇರಳೆ ಬೆಳಕು ಹಾಯಿಸಿ ಈ ಜೀವಸತ್ವ ಹುಟ್ಟಿಸಬಹುದೆಂದು ತೋರಿಸಿದ. ಈ ಕ್ಷೇತ್ರದ ರಸಾಯನ ಸಂಶೋಧನೆಗೆ ಜರ್ಮನಿಯ ಅಡಾಲ್ಫ್ ವಿಂಡೌಸ್ 1928ರಲ್ಲಿ ನೊಬೆಲ್ ಪಡೆದ.

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಕ್ಷಯಕ್ಕೆ ಬಿಸಿಲಿನ ಚಿಕಿತ್ಸೆ ಹಿಂದೆ ಸರಿಯಿತು. ಅತಿನೇರಳೆ ಕಿರಣ ಚರ್ಮದ ಕ್ಯಾನ್ಸರಿಗೂ ಕಾರಣವಾಗಬಲ್ಲದೆಂಬ ಅರಿವು ಬೆಳೆಯಿತು. ಬೆಳಕಿನ ಚಿಕಿತ್ಸೆಯ ಕಾಲ ಮುಗಿಯಿತೆಂದೇ ಅನ್ನಿಸಿತ್ತು. ಆಗ ಎರಡು ಕಡೆಯಿಂದ ಹೊಸ ಜೀವ ಬಂತು.

ಬಾವಂಚಿಯ ಬೀಜ

ಬಾಕುಚಿ ಅಥವಾ ಬಾವಂಚಿಯ ಬೀಜವನ್ನು ಆಯುರ್ವೇದ ತೊನ್ನಿಗೆ ಬಳಸುತ್ತ ಬಂದಿದೆ. ಮದ್ದು ಕೊಟ್ಟು ರೋಗಿಯನ್ನು ಬಿಸಿಲಿಗೆ ಒಡ್ಡುವುದು ಆ ಚಿಕಿತ್ಸೆಯ ಭಾಗ. ಈಜಿಪ್ಟಿನಲ್ಲೂ ಅಮ್ಮಿ ಮಾಜುಸ್ ಎಂಬ ಗಿಡದಿಂದ ಇದೇ ಬಗೆಯ ಚಿಕಿತ್ಸೆ ನಡೆಯುತ್ತಿತ್ತು. ಎರಡರ ಒಳಗೂ ಇದ್ದದ್ದು ಒಂದೇ ಕುಲದ ರಾಸಾಯನಿಕ, ಸೋರಾಲೆನ್. 1933ರಲ್ಲಿ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಬಾವಂಚಿ ಬೀಜದ ರಾಸಾಯನಿಕ ವಿಶ್ಲೇಷಣೆ ಪ್ರಕಟಿಸಿದರು. 1940ರ ದಶಕದಲ್ಲಿ ಕೈರೋದ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ ಈಜಿಪ್ಟಿನ ಗಿಡದ ಸಾರವನ್ನು ತೊನ್ನಿನ ರೋಗಿಗಳ ಮೇಲೆ ಕ್ರಮವಾಗಿ ಪರೀಕ್ಷಿಸಿದ. 1974ರಲ್ಲಿ ಹಾರ್ವರ್ಡ್‌ನ ಜಾನ್ ಪ್ಯಾರಿಷ್, ಥಾಮಸ್ ಫಿಟ್ಜ್‌ಪ್ಯಾಟ್ರಿಕ್, ಎಂ. ಎ. ಪಾಠಕ್ ಮುಂತಾದವರು ಸೋರಾಲೆನ್ ಮಾತ್ರೆ ಮತ್ತು ಎ ವರ್ಗದ ಅತಿನೇರಳೆ ಬೆಳಕನ್ನು ಸೇರಿಸಿ ಸೋರಿಯಾಸಿಸ್‌ಗೆ ಪರಿಣಾಮಕಾರಿ ಚಿಕಿತ್ಸೆ ರೂಪಿಸಿದರು. ‘ಪುವಾ’ ಎಂದು ಹೆಸರಾದದ್ದು ಅದೇ. ಈಚೆಗೆ ಮಾತ್ರೆಯ ಹಂಗಿಲ್ಲದೆ, 311 ನ್ಯಾನೋಮೀಟರ್ ಆಸುಪಾಸಿನ ಬಿ ವರ್ಗದ ಕಿರಣವನ್ನಷ್ಟೇ ಕೊಡುವ ದೀಪಗಳು ತೊನ್ನಿಗೂ ಸೋರಿಯಾಸಿಸ್‌ಗೂ ಹೆಚ್ಚು ಬಳಕೆಯಲ್ಲಿವೆ. ಪರಂಪರೆಯ ಒಂದು ತಿಳಿವಳಿಕೆಗೆ ಪ್ರಯೋಗಾಲಯದ ಪರಿಶ್ರಮ ಸೇರಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ದಾದಿಯೊಬ್ಬಳು ಕಂಡದ್ದು

ಎರಡನೆಯ ತಿರುವು ಕಾಮಾಲೆಯದು. ಹುಟ್ಟಿದ ಮಗುವಿನ ಯಕೃತ್ತು ಇನ್ನೂ ಬಲಿತಿರದಿದ್ದರೆ ಬಿಲಿರುಬಿನ್ ಎಂಬ ಹಳದಿ ವಸ್ತು ರಕ್ತದಲ್ಲಿ ಉಳಿಯುತ್ತದೆ. ಅದು ಮಿತಿಮೀರಿದರೆ ಮಿದುಳಿಗೆ ಶಾಶ್ವತ ಹಾನಿ. ಹಿಂದೆ ಇದಕ್ಕೆ ಮಗುವಿನ ರಕ್ತವನ್ನೇ ಬದಲಾಯಿಸಬೇಕಿತ್ತು. ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಾರ್ಡು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೀನ್ ವಾರ್ಡ್, ಒಳ್ಳೆಯ ಬಿಸಿಲಿದ್ದ ದಿನಗಳಲ್ಲಿ ಮಕ್ಕಳನ್ನು ಅಂಗಳಕ್ಕೆ ತರುತ್ತಿದ್ದರು. 1956ರಲ್ಲಿ ಒಂದು ದಿನ ಅವರು ವೈದ್ಯರಿಗೆ ಒಂದು ಮಗುವನ್ನು ತೋರಿಸಿದರು. ಬಿಸಿಲು ಬಿದ್ದ ಕಡೆ ಮೈ ತಿಳಿಯಾಗಿತ್ತು, ಬಟ್ಟೆ ಮುಚ್ಚಿದ್ದ ತ್ರಿಕೋನಾಕಾರದ ಭಾಗ ಮಾತ್ರ ಹಳದಿಯಾಗಿಯೇ ಇತ್ತು. ಅದೇ ಆಸ್ಪತ್ರೆಯಲ್ಲಿ ಕಿಟಕಿಯ ಬಳಿ ಬಿಸಿಲಿಗೆ ಉಳಿದ ರಕ್ತದ ಮಾದರಿಯೊಂದರಲ್ಲಿ ಬಿಲಿರುಬಿನ್ ಇಳಿದಿರುವುದೂ ಗಮನಕ್ಕೆ ಬಂತು.

ರಿಚರ್ಡ್ ಕ್ರೀಮರ್ ಮತ್ತು ಅವರ ಸಹೋದ್ಯೋಗಿಗಳು ನೀಲಿ ಟ್ಯೂಬ್‌ಲೈಟುಗಳ ತೊಟ್ಟಿಲು ಮಾಡಿಸಿ, ಫಲಿತಾಂಶವನ್ನು 1958ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. 1968ರಲ್ಲಿ ಅಮೆರಿಕದ ಜೆರಾಲ್ಡ್ ಲೂಸಿ ಮತ್ತು ಸಂಗಡಿಗರ ನಿಯಂತ್ರಿತ ಪ್ರಯೋಗ ಅದನ್ನು ದೃಢಪಡಿಸಿತು. 460ರಿಂದ 490 ನ್ಯಾನೋಮೀಟರ್ ಸುಮಾರಿನ ನೀಲಿ ಬೆಳಕು ಬಿಲಿರುಬಿನ್ ಅಣುವಿನ ಆಕಾರವನ್ನೇ ಬದಲಿಸುತ್ತದೆ. ಬದಲಾದ ಅಣು ನೀರಿನಲ್ಲಿ ಕರಗಿ, ಪಿತ್ತ ಮತ್ತು ಮೂತ್ರದ ಮೂಲಕ ಹೊರಹೋಗುತ್ತದೆ. ಇಲ್ಲಿ ನೀಲಿ ಮದ್ದಾಗುವುದು ಅದು ತಂಪಿನ ಬಣ್ಣವೆಂಬ ಕಾರಣಕ್ಕಲ್ಲ. ಹಳದಿ ಬಿಲಿರುಬಿನ್ ಹೀರಿಕೊಳ್ಳುವುದು ನೀಲಿಯನ್ನು, ಅಷ್ಟೇ. ಕಳೆಯಲೆಂದು ಅಥರ್ವವೇದದ ಋಷಿ ಸೂರ್ಯನಲ್ಲಿ ಬೇಡಿದ ಕಾಯಿಲೆಗೇ ಬೆಳಕಿನ ಅತ್ಯಂತ ಖಚಿತವಾದ ಚಿಕಿತ್ಸೆ ಸಿಕ್ಕಿತು.

ಕಣ್ಣಿನಿಂದ ಮನಸ್ಸಿಗೆ

1980ರಲ್ಲಿ ಆಲ್ಫ್ರೆಡ್ ಲೆವಿ, ಪ್ರಖರ ಬೆಳಕು ಮನುಷ್ಯರಲ್ಲಿ ಮೆಲಟೋನಿನ್ ಎಂಬ ರಾತ್ರಿಯ ಹಾರ್ಮೋನನ್ನು ತಗ್ಗಿಸುತ್ತದೆ ಎಂದು ತೋರಿಸಿದ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು, ಹಗಲು ಕಿರಿದಾಗುವ ಚಳಿಗಾಲದಲ್ಲಿ ಮರುಕಳಿಸುವ ಖಿನ್ನತೆಯನ್ನು ವಿವರಿಸಿ, ಬೆಳಕಿನಿಂದ ಅದು ತಗ್ಗುವುದನ್ನು ವರದಿ ಮಾಡಿದರು. ಬೆಳಗ್ಗೆ 10,000 ಲಕ್ಸ್ ಬೆಳಕಿನ ಮುಂದೆ ಅರ್ಧ ಗಂಟೆ ಕೂರುವುದು ಈಗ ರೂಢಿಯ ಕ್ರಮ. 1998ರಲ್ಲಿ ಇಗ್ನೇಷಿಯೊ ಪ್ರೊವೆನ್ಸಿಯೊ ತಂಡ ಮೆಲನಾಪ್ಸಿನ್ ಎಂಬ ವರ್ಣಕವನ್ನು ಗುರುತಿಸಿತು. 2002ರಲ್ಲಿ ಡೇವಿಡ್ ಬರ್ಸನ್ ಮತ್ತು ಸಂಗಡಿಗರು, ಕಣ್ಣಿನ ಅಕ್ಷಿಪಟಲದ ಕೆಲವು ನರಕೋಶಗಳು ತಾವೇ ಬೆಳಕನ್ನು ಗ್ರಹಿಸಿ ಮಿದುಳಿನ ಜೈವಿಕ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ ಎಂದು ತೋರಿಸಿದರು. ರೋಗಿಗೆ ಶುದ್ಧ ಗಾಳಿಯ ನಂತರ ಹೆಚ್ಚು ಬೇಕಾದದ್ದು ಬೆಳಕು ಎಂದು ಫ್ಲಾರೆನ್ಸ್ ನೈಟಿಂಗೇಲ್ ಹತ್ತೊಂಬತ್ತನೆಯ ಶತಮಾನದಲ್ಲೇ ಬರೆದಿದ್ದರು. ಅವರ ಅನುಭವದ ಮಾತಿಗೆ ಶರೀರಶಾಸ್ತ್ರದ ಒಂದು ಆಧಾರ ಹೀಗೆ ದೊರೆಯಿತು.

ಬಣ್ಣದ ದಾರಿ ಎಲ್ಲಿ ನಿಂತಿತು?

ಬ್ಯಾಬಿಟ್‌ನ ದಾರಿಯನ್ನು ದೂರ ಒಯ್ದವನು ಮುಂಬೈಯಲ್ಲಿ 1873ರಲ್ಲಿ ಹುಟ್ಟಿದ ಪಾರ್ಸಿ, ದಿನ್‌ಶಾ ಘಡಿಯಾಲಿ. ಅಮೆರಿಕಕ್ಕೆ ಹೋಗಿ 1920ರಲ್ಲಿ ‘ಸ್ಪೆಕ್ಟ್ರೋ-ಕ್ರೋಮ್’ ಎಂಬ ಯಂತ್ರ ಹೊರತಂದ. ಬಲವಾದ ದೀಪದ ಮುಂದೆ ಬಣ್ಣದ ಗಾಜುಗಳನ್ನಿಟ್ಟು 12 ಬಣ್ಣಗಳಿಂದ ಬಹುತೇಕ ಎಲ್ಲ ರೋಗಗಳನ್ನೂ ಗುಣಪಡಿಸಬಹುದೆಂದ. 1947ರಲ್ಲಿ ಅಲ್ಲಿನ ನ್ಯಾಯಾಲಯ ಸುಳ್ಳು ಪ್ರಚಾರಕ್ಕಾಗಿ ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿ ದಂಡ ಹಾಕಿತು. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಬಂಧನ ಕೋಣೆಯೊಂದಕ್ಕೆ ಗುಲಾಬಿ ಬಣ್ಣ ಬಳಿದು, ಅದರಿಂದ ಕೈದಿಗಳ ಸಿಟ್ಟು ಇಳಿಯುತ್ತದೆ ಎಂದರು. ಮುಂದಿನ ಬಿಗಿಯಾದ ಪ್ರಯೋಗಗಳಲ್ಲಿ ಆ ಫಲಿತಾಂಶ ಮರಳಿ ಸಿಗಲಿಲ್ಲ.

ಏಳು ಚಕ್ರಗಳಿಗೆ ಕಾಮನಬಿಲ್ಲಿನ ಏಳು ಬಣ್ಣ ಎಂಬ ಮಾತನ್ನು ಪ್ರಾಚೀನವೆಂದು ನಂಬುವವರು ಬಹಳ. 1577ರ ‘ಷಟ್ಚಕ್ರನಿರೂಪಣ’ದಲ್ಲಿ ಆ ಕ್ರಮವಿಲ್ಲ. ಅಲ್ಲಿ ಆಜ್ಞಾಚಕ್ರ ಚಂದ್ರನಂತೆ ಬಿಳಿ, ಅನಾಹತ ಬಂಧೂಕ ಹೂವಿನಂತೆ ಕೆಂಪು. ಕಾಮನಬಿಲ್ಲಿನ ಜೋಡಣೆ ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಬರಹಗಳಿಂದ ಹರಡಿದ್ದು. ನಮ್ಮಲ್ಲಿ ನಿಸರ್ಗ ಚಿಕಿತ್ಸೆಯ ಭಾಗವಾಗಿ ‘ಸೂರ್ಯಕಿರಣ ಚಿಕಿತ್ಸೆ’ ಈಗಲೂ ನಡೆಯುತ್ತಿದೆ. ಎಳೆಬಿಸಿಲು, ನಡಿಗೆ, ಮಿತಾಹಾರ, ವಿಶ್ರಾಂತಿಯಿಂದ ಅಂಥ ಕೇಂದ್ರಗಳಲ್ಲಿ ಜನರಿಗೆ ಹಿತವಾಗುವುದು ಸಹಜ. ಆದರೆ ಕೆಂಪು ಬಾಟಲಿಯ ನೀರಿಗೂ ಹಸಿರು ಬಾಟಲಿಯ ನೀರಿಗೂ ಬೇರೆ ಬೇರೆ ಔಷಧಗುಣ ಬರುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಬಿಸಿಲಿನಿಂದ ತೆಗೆದ ನೀರು ಬಣ್ಣವನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಬೆಳಕು ನಿಜವಾದ ಮದ್ದು. ಆದ್ದರಿಂದಲೇ ಅದಕ್ಕೆ ಮದ್ದಿಗೆ ಸಲ್ಲುವ ಗೌರವ ಬೇಕು: ಸರಿಯಾದ ರೋಗನಿರ್ಣಯ, ಸರಿಯಾದ ತರಂಗಾಂತರ, ಸರಿಯಾದ ಪ್ರಮಾಣ. ಹಸುಗೂಸಿನ ಮೈ ಹಳದಿಯಾದರೆ ಎಳೆಬಿಸಿಲಿಗೆ ಹಿಡಿದು ದಿನ ತಳ್ಳಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ದು ಬಿಲಿರುಬಿನ್ ಪರೀಕ್ಷೆ ಮಾಡಿಸಿ. ತೊನ್ನಿಗೆ ನಾಚಬೇಡಿ, ಚರ್ಮರೋಗ ತಜ್ಞರನ್ನು ಕಾಣಿ. ಮಧುಮೇಹಕ್ಕೋ ಕ್ಯಾನ್ಸರಿಗೋ ಬಣ್ಣದ ದೀಪ ಸಾಕು ಎಂದು ಯಾರಾದರೂ ಹೇಳಿದರೆ, ಅದನ್ನು ಎಷ್ಟು ರೋಗಿಗಳಲ್ಲಿ, ಯಾವುದಕ್ಕೆ ಹೋಲಿಸಿ ಪರೀಕ್ಷಿಸಲಾಗಿದೆ ಎಂದು ಕೇಳಿ. ಉತ್ತರ ಬರದಿದ್ದರೆ, ನಡೆಯುತ್ತಿರುವ ಔಷಧವನ್ನು ಒಂದು ದಿನಕ್ಕೂ ನಿಲ್ಲಿಸಬೇಡಿ.