ತಾಮ್ರವೋ, ಅಲ್ಯೂಮಿನಿಯಮೋ?

ಮನೆಯ ವೈರಿಂಗಿಗೆ ಯಾವ ಲೋಹ ಎಂಬ ಪ್ರಶ್ನೆಗೆ ಅಮೆರಿಕವು ಪ್ರಾಣಗಳ ಬೆಲೆ ತೆತ್ತು ಉತ್ತರ ಕಂಡುಕೊಂಡಿತು. 1960ರ ದಶಕದ ನಡುವೆ ತಾಮ್ರ ದುಬಾರಿಯಾದಾಗ, 1965ರಿಂದ ಸುಮಾರು 1973ರವರೆಗೆ ಅಲ್ಲಿನ ಲಕ್ಷಾಂತರ ಮನೆಗಳಿಗೆ ಅಲ್ಯೂಮಿನಿಯಂ ತಂತಿ ಎಳೆಯಲಾಯಿತು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಅದರ ವಾಹಕತೆ ತಾಮ್ರದ ಶೇ. 61ರಷ್ಟಿದ್ದರೂ ಅದು ಮೂರು ಪಟ್ಟು ಹಗುರ. ತಂತಿಯನ್ನು ತುಸು ದಪ್ಪ ಮಾಡಿದರಾಯಿತು.

ಎಡವಿದ್ದು ಸ್ಕ್ರೂವಿನ ಕೆಳಗೆ. ಅಲ್ಯೂಮಿನಿಯಂ ಬಿಸಿಯಾದಾಗ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಬಿಗಿದಲ್ಲಿ ಮೆಲ್ಲನೆ ಜರುಗುತ್ತದೆ. ತಣಿದಾಗ ಜೋಡಣೆ ಸಡಿಲ. ಮೇಲೆ ಕಟ್ಟುವ ಆಕ್ಸೈಡ್ ಪೊರೆಯೋ ವಿದ್ಯುತ್ತನ್ನು ತಡೆಯುತ್ತದೆ. ತಡೆ ಹೆಚ್ಚಿದಷ್ಟೂ ಬಿಸಿ, ಬಿಸಿಯೇರಿದಷ್ಟೂ ಸಡಿಲ. ತರಗತಿಯಲ್ಲಿ ನೀವೆಲ್ಲ ಬಾಯಿಪಾಠ ಮಾಡಿದ ಜೌಲನ ನಿಯಮ ಆ ಗೋಡೆಗಳೊಳಗೆ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು! 1974ರ ಏಪ್ರಿಲ್ 28ರಂದು ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್‌ನಲ್ಲಿ ಮನೆಯೊಂದಕ್ಕೆ ಬೆಂಕಿ ಬಿದ್ದು ಇಬ್ಬರು ಮಡಿದರು. ಸಾಕೆಟ್ಟಿನ ಅಲ್ಯೂಮಿನಿಯಂ ಜೋಡಣೆಯ ದೋಷವೇ ಕಾರಣವೆಂದು ಅಗ್ನಿಶಾಮಕ ಅಧಿಕಾರಿಗಳು ನಿರ್ಣಯಿಸಿದರು. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಸಮೀಕ್ಷೆಯ ಪ್ರಕಾರ, 1972ಕ್ಕೆ ಮುನ್ನ ಅಲ್ಯೂಮಿನಿಯಂ ತಂತಿ ಹಾಕಿದ ಮನೆಗಳಲ್ಲಿ ಜೋಡಣೆಗಳು ಬೆಂಕಿಯ ಅಪಾಯಕ್ಕೆ ತಲುಪುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು.

ಆದರೂ ಲೋಹವನ್ನು ನಾನು ದೂರಲಾರೆ. ಊರೂರಿಗೆ ವಿದ್ಯುತ್ ತರುವ ಮಾರ್ಗಗಳಲ್ಲಿ ಇಂದಿಗೂ ಉಕ್ಕಿನ ತಿರುಳಿನ ಅಲ್ಯೂಮಿನಿಯಂ ತಂತಿಯೇ ಇದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲೂ ಅಲ್ಯೂಮಿನಿಯಂ ವೈರಿಂಗ್ ಉಂಟು. ಸ್ವಿಚ್ ಬೋರ್ಡು ಬೆಚ್ಚಗಾದರೆ, ಮಕ್ಕಳೇ, ನಾಳೆಗೆಂದು ಬಿಡದೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ.