ನಿಂಬೆ ರಸಕ್ಕೆ ನೊರೆ ಬಂದರಷ್ಟೇ ಅಸಲಿ ಕಲ್ಲಿನ ಟೇಬಲ್ಲೇ?

'ಕಲ್ಲಿನ ಹಳೆಯ ಟೇಬಲ್ ಕೊಳ್ಳುವ ಮುನ್ನ ನಿಂಬೆ ರಸ ಹಿಂಡಿ, ನೊರೆ ಬಂದರೆ ಅಸಲಿ' ಎನ್ನುವ ಸಲಹೆ ನಿಮಗೂ ಬಂದಿರಬಹುದು. ದಯವಿಟ್ಟು ಅದನ್ನು ಮಾಡಬೇಡಿ.

ಅಮೃತಶಿಲೆ, ಸುಣ್ಣದ ಕಲ್ಲು ಎರಡರಲ್ಲೂ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಅದು ಕರಗಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ನೊರೆ ಎಂದರೆ ಅದೇ. ಅಂದರೆ ಪರೀಕ್ಷೆ 'ಪಾಸ್' ಆದ ಕಡೆ ಹೊಳಪು ಹೋಗಿ ಮಾಸಲು ಕಲೆ ಉಳಿಯುತ್ತದೆ. ಅಡುಗೆಮನೆಯ ಕಡಪ ಕಲ್ಲಿನ ಮೇಲೆ ನಿಂಬೆ ಹೋಳು ಇಟ್ಟವರಿಗೆ ಈ ಕಲೆ ಗೊತ್ತು. ಇಷ್ಟಾದರೂ ಉತ್ತರವನ್ನು ನಂಬುವಂತಿಲ್ಲ. ಗ್ರಾನೈಟ್ ಅಸಲಿ ಕಲ್ಲೇ, ಆದರೆ ನೊರೆ ಬರದು. ಮೇಲೆ ವಾರ್ನಿಷ್ ಇದ್ದರೆ ಅಮೃತಶಿಲೆಯೂ ಸುಮ್ಮನಿರುತ್ತದೆ. ಕಲ್ಲಿನ ಪುಡಿಯನ್ನು ರೆಸಿನ್‌ನಲ್ಲಿ ಕಲಸಿ ಎರಕ ಹೊಯ್ದದ್ದು ನೊರೆ ಬಿಡಲೂಬಹುದು.

ಇನ್ನೊಂದು ತಪ್ಪು ಕಲ್ಪನೆ, 'ಒಳಗೆ ಕಲ್ಲಿಲ್ಲದಿದ್ದರೆ ನಕಲಿ' ಎನ್ನುವುದು. 1970–90ರ ದಶಕಗಳಲ್ಲಿ ಜನಪ್ರಿಯವಾದ ಪೋಸ್ಟ್‌ಮಾಡರ್ನ್ ಶೈಲಿಯ ಪೀಠೋಪಕರಣಗಳಲ್ಲಿ ಅನೇಕವು ಮರ ಅಥವಾ ಫೈಬರ್‌ಗ್ಲಾಸ್ ಚೌಕಟ್ಟಿನ ಮೇಲೆ ತೆಳುವಾದ ಕಲ್ಲಿನ ತುಂಡುಗಳನ್ನು ಅಂಟಿಸಿ, ನಡುವೆ ಹಿತ್ತಾಳೆ ಪಟ್ಟಿ ಕೂರಿಸಿ ಮಾಡಿದವು. ಮೇಟ್‌ಲ್ಯಾಂಡ್-ಸ್ಮಿತ್ ಹೆಸರಿನವು ಇವುಗಳಲ್ಲಿ ಪ್ರಸಿದ್ಧ. ಫಿಲಿಪ್ಪೀನ್ಸ್‌ನ ಸೆಬು ಈ ಕೆಲಸದ ದೊಡ್ಡ ಕೇಂದ್ರ. ಪಕ್ಕದ ಮಕ್ತಾನ್ ದ್ವೀಪದ ಹವಳದ ಪಳೆಯುಳಿಕೆ ತುಂಬಿದ ಸುಣ್ಣದ ಕಲ್ಲನ್ನು ಬಹಳವಾಗಿ ಬಳಸಿದರು. ಆದ್ದರಿಂದ ಮಾರುವವರು 'ಇಟಾಲಿಯನ್ ಮಾರ್ಬಲ್' ಎಂದರೆ ಆಧಾರ ಕೇಳಿ.

ಹಾಗಾದರೆ ಗುರುತಿಸುವುದು ಹೇಗೆ? ಟೇಬಲನ್ನು ತಲೆಕೆಳಗು ಮಾಡಿ ನೋಡುವುದೇ ನಮ್ಮ ಮಟ್ಟಿಗೆ ಅತ್ಯುತ್ತಮ ಪರೀಕ್ಷೆ (ಇಬ್ಬರು ಬೇಕು, ಮೇಲ್ಹಲಗೆಯ ಅಂಚು ಹಿಡಿದು ಎತ್ತಬೇಡಿ). ಒಳಚೌಕಟ್ಟು, ತಯಾರಕರ ಲೇಬಲ್, ಹಳೆಯ ರಿಪೇರಿ ಎಲ್ಲ ಅಲ್ಲೇ ಕಾಣುತ್ತವೆ. ಮೇಲ್ಮೈಯಲ್ಲಿ ಒಂದೇ ವಿನ್ಯಾಸ ಮತ್ತೆ ಮತ್ತೆ ಬಂದರೆ ಅದು ಮುದ್ರಿತ ಹಾಳೆ. ನಿಜವಾದ ಕಲ್ಲಿನ ಎರಡು ತುಂಡುಗಳು ಒಂದೇ ತರಹ ಇರುವುದಿಲ್ಲ. ಬೆರಳಿನಿಂದ ತಟ್ಟುತ್ತಾ ಹೋಗಿ: ಒಂದೇ ಕಡೆ ಸದ್ದು ಬದಲಾದರೆ ಆ ತುಂಡು ಸಡಿಲವಾಗಿರಬಹುದು. ಮೂಲೆಯ ಒಂದು ತುಂಡು ಕಳೆದಿದ್ದರೂ ಬೆಲೆ ಇಳಿಯುತ್ತದೆ, ಏಕೆಂದರೆ ಅದೇ ಬಣ್ಣದ ಕಲ್ಲು ಸಿಗುವುದು ಕಷ್ಟ. ಬೆಲೆ ಅಂದಾಜಿಸಲು ಆನ್‌ಲೈನ್ ಜಾಹೀರಾತಿನ ಬೆಲೆಗಿಂತ ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಲೇಬಲ್ ಇಲ್ಲದೆ ದೊಡ್ಡ ಹೆಸರು ಹೇಳಿದರೆ ಅದು ಊಹೆ ಮಾತ್ರ.

ಆರೈಕೆ ಸುಲಭ. ಮೆತ್ತನೆಯ ಒಣಬಟ್ಟೆ ಸಾಕು. ಕೊಳೆ ಹೆಚ್ಚಿದ್ದರೆ ಸೌಮ್ಯ ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ತಕ್ಷಣ ಒಣಗಿಸಿ. ಸಂದುಗಳಲ್ಲಿ ನೀರು ನಿಂತರೆ ಒಳಗಿನ ಮರ ಉಬ್ಬಿ ಕಲ್ಲು ಎದ್ದು ಬರುತ್ತದೆ. ವಿನೆಗರ್ ಬೇಡ, ಹೊಳಪಿಗೆಂದು ಕೊಬ್ಬರಿ ಎಣ್ಣೆಯೂ ಬೇಡ: ರಂಧ್ರವಿರುವ ಕಲ್ಲು ಎಣ್ಣೆ ಹೀರಿ ಕಪ್ಪಾಗುತ್ತದೆ. ಹಿತ್ತಾಳೆ ಪಟ್ಟಿಗೆ ಹುಣಸೆಹಣ್ಣು ಉಜ್ಜುವ ನಮ್ಮ ಮನೆಮದ್ದು ಪಾತ್ರೆಗೆ ಸರಿ, ಇಲ್ಲಿ ಅದೂ ಆಮ್ಲವೇ. ಬಿದ್ದ ತುಂಡನ್ನು ಎಸೆಯದೆ ಕವರಿನಲ್ಲಿಟ್ಟು, ರಿಪೇರಿಯವರಿಗೆ ಕೊಡಿ.